ಟೋಪಿಗೆ ತಕ್ಕ ನೂಲು

ಅತ್ತೆಯವರಿಗೆ ನಿಮ್ಮ ಅಳಿಯನ ನಮಸ್ಕಾರಗಳು.

ಇಷ್ಟು ದಿನ ಬರೀ ಮಾತು ಹೆಣೆಯುತ್ತಿದ್ದ ನಾನು ಈಗ ಕ್ರೋಶಾ ಕಡ್ಡಿ ಹಿಡಿದಿದ್ದೇನೆ. ನಗಬೇಡಿ. ದತ್ತು ಕೇಂದ್ರದವರು ಒಪ್ಪಿದ್ದಾರೆ, ತಿಂಗಳ ಕೊನೆಗೆ ನಮ್ಮ ಮಗಳು ಮನೆಗೆ ಬರುತ್ತಾಳೆ! ನಾಲ್ಕು ವರ್ಷದವಳು. ಜನ್ಮದಲ್ಲಿ ಮೊದಲ ಬಾರಿಗೆ ಒಬ್ಬರಿಗೆ ಪ್ರಾಮಾಣಿಕವಾಗಿ ಟೋಪಿ ಹಾಕಲು ಹೊರಟಿದ್ದೇನೆ.

ಆದರೆ ಚೆಂದ ಕಂಡಿತೆಂದು ಬೆಕ್ಕಿನ ಬಾಲದಂಥ ಕಪ್ಪು ಜುಂಗು ನೂಲು ತಂದುಬಿಟ್ಟೆ. ಒಂದು ಹೆಣಿಕೆಯೂ ಕಣ್ಣಿಗೆ ಕಾಣದು. ಬಿಚ್ಚಹೋದರೆ ಜಪ್ಪಯ್ಯ ಎಂದರೂ ಬಿಡದು. "ರೀ, ಇದು ಟೋಪಿನಾ, ಬಚ್ಚಲಲ್ಲಿ ಸಿಕ್ಕಿದ ಕೂದಲಾ?" ಎಂದಳು ನಿಮ್ಮ ಮಗಳು. "ಕಲಿಯೋರಿಗೆ ತಿಳಿ ಬಣ್ಣ ಬೇಕು, ನೂಲು ನುಣುಪಾಗಿ, ಸ್ವಲ್ಪ ದಪ್ಪಗಿರ್ಬೇಕು. ತಪ್ಪು ಕಂಡ್ರೆ ತಾನೇ ಬಿಚ್ಚಿ ತಿದ್ದೋಕಾಗೋದು? ಅಮ್ಮ ನಂಗೆ ಹಾಗೇ ಕಲಿಸಿದ್ದು. ಉಳಿದಿದ್ದು ಅವರನ್ನೇ ಕೇಳಿ" ಎಂದು ಅಡುಗೆಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ತಿಳಿಹಳದಿ ಹತ್ತಿಯದೋ, ಕೆನೆಬಣ್ಣದ ಉಣ್ಣೆಯೋ? ಎರಡರ ತುಂಡನ್ನೂ ಲಕೋಟೆಯಲ್ಲಿಟ್ಟಿದ್ದೇನೆ. ಮಗುವಿನ ಹಣೆಗೆ ಯಾವುದು ಚುಚ್ಚುವುದಿಲ್ಲವೆಂದು ಕೆನ್ನೆಗೆ ಒತ್ತಿ ನೋಡಿ ತಿಳಿಸಿ.

"ಯಾರದೋ ಮಗು ನಮಗ್ಯಾಕೆ" ಎಂದು ಹೋದ ಸಲ ನೀವು ಊಟ ಬಿಟ್ಟು ಎದ್ದು ಹೋದದ್ದರ ಬಗ್ಗೆ ನಾನು ಏನೂ ಬರೆಯುವುದಿಲ್ಲ. ನಿನ್ನೆ ನೋಡಲು ಹೋದಾಗ ಮಗು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮನೇಲಿ ಅಜ್ಜಿ ಇದಾರಾ?" ನಾವಿಬ್ಬರೂ ಒಂದೇ ಉಸಿರಿಗೆ "ಇದಾರೆ" ಎಂದುಬಿಟ್ಟೆವು.

ಯಾವ ಬಸ್ಸಿಗೆ ಬರುತ್ತೀರೆಂದು ತಿಳಿಸಿ, ನಿಲ್ದಾಣದಲ್ಲಿ ಕಾಯುತ್ತೇನೆ.

ಇಂತು,
ನಿಮ್ಮ ಮೊಮ್ಮಗಳ ಅಪ್ಪ