ಬೀದಿಯಲ್ಲಿ ನಿಂತು ಕೂಗಿದ ಹೆಸರು

ಮಾವನವರಿಗೆ ನಮಸ್ಕಾರಗಳು.

ಕೆಲಸದ ಊರಿನಿಂದ ನೀವು ಬರೆದ ಪತ್ರ ತಲುಪಿತು. ಗಂಡುಮಗುವಾದರೆ ತೀರಿಕೊಂಡ ನಿಮ್ಮ ಮಗನ ಹೆಸರನ್ನೇ ಇಡಬೇಕೆಂದು ಬರೆದಿದ್ದೀರಿ. ಅತ್ತೆಯ ಆಸೆಯೂ ಅದೇ.

ಹೆಸರು ಆರಿಸುವುದಕ್ಕೆ ನಮ್ಮ ಯಜಮಾನರದೇ ಒಂದು ರೀತಿಯಿತ್ತು. ಕಟ್ಟಡಗಳಿಗೆ ಬಣ್ಣ ಹೊಡೆಯುವವರಲ್ಲವೇ, ಮೇಲಿದ್ದವರ ಜೊತೆ ಕೂಗಿಯೇ ಮಾತಾಡಿ ಅಭ್ಯಾಸ. ಕೆಲಸಕ್ಕೆ ಹೊರಟವರು ಬೀದಿಯಲ್ಲಿ ನಿಂತು ಒಂದೊಂದು ಹೆಸರು ಕೂಗುತ್ತಿದ್ದರು. ಮೂರನೇ ಮಹಡಿಯಲ್ಲಿ ನನಗೆ ಸರಿಯಾಗಿ ಕೇಳಿಸಿದರೆ ಆ ಹೆಸರು ಪಾಸು. "ಹುಟ್ಟೋಕೆ ಮುಂಚೇನೇ ಮನೆ ಬಿಟ್ಟು ಓಡಿಹೋಯ್ತಾ ನಿಮ್ಮ ಮಗು?" ಎಂದು ಕೆಳಗಿನ ಅಂಗಡಿಯ ಟೈಲರ್ ನಗುತ್ತಿದ್ದರು. ಯಾವುದೂ ತೀರ್ಮಾನವಾಗುವ ಮೊದಲೇ ಅವರು ಹೋಗಿಬಿಟ್ಟರು.

ನಿನ್ನೆ ಸಂಜೆ ನಾನೂ ಬೀದಿಗಿಳಿದು ನೀವು ಹೇಳಿದ ಹೆಸರನ್ನು ಕೂಗಿ ನೋಡಿದೆ. ಅವರಿದ್ದಾಗ 'ರೀ' ಅಂದಿದ್ದೇ ಹೊರತು ಹೆಸರು ಹಿಡಿದು ಕರೆದವಳಲ್ಲ ನಾನು. ಆದರೂ ಜೋರಾಗಿಯೇ ಕೂಗಿದೆ. ಅತ್ತೆ ಅಡುಗೆಮನೆಯಿಂದ ಕಿಟಕಿಗೆ ಓಡಿಬಂದರು. ದಿನವೂ ಕೆಲಸ ಮುಗಿಸಿ ಬಂದ ಮಗನಿಗೆ ಇಳಿಸುತ್ತಿದ್ದ ಹಾಗೆಯೇ ಕೆಳಬಾಗಿಲಿನ ಬೀಗದ ಕೈಯನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟರು. "ಬಾರೋ, ಬಿಸಿನೀರು ಕಾದಿದೆ" ಅಂದರು.

ಆಮೇಲೆ ನನ್ನನ್ನು ನೋಡಿದರು. ದಾರವನ್ನು ಮೇಲಕ್ಕೆಳೆದುಕೊಳ್ಳಲೇ ಇಲ್ಲ.

ಬೇರೆ ಹೆಸರಿಡೋಣ ಎಂದು ನೀವೇ ಅವರಿಗೆ ಬರೆಯಿರಿ. ನಾನು ಹೇಳಿದೆನೆಂದು ಮಾತ್ರ ಬರೆಯಬೇಡಿ. ಆಡಲು ಹೋದ ಮಗುವನ್ನು ದಿನಕ್ಕೆ ಹತ್ತು ಸಲ ಬೀದಿಯಲ್ಲಿ ನಿಂತು ಕರೆಯಬೇಕಾಗುತ್ತದೆ. ಅಷ್ಟೂ ಸಲ ಅತ್ತೆ ಕಿಟಕಿಗೆ ಓಡಿಬರುವುದು ಬೇಡ.

ಇಂತಿ,
ನಿಮ್ಮ ಸೊಸೆ