ಸೋಮವಾರ ಎಣಿಸಿದ ಹಕ್ಕಿಗಳು

ಕಡಲಲ್ಲಿ ಗಾಳಿಯಂತ್ರ ನಿಲ್ಲಿಸಲು ಒಪ್ಪಿಗೆ ಕೊಡುವ ಅಧಿಕಾರಿಗಳಿಗೆ,

ಮಾನ್ಯರೇ, ಇವತ್ತು ಸೋಮವಾರ, ನನಗೆ ಉಪವಾಸ. ಅಂಗಳ ಗುಡಿಸಿ, ನೀರು ತುಂಬಿ, ದೇವರಿಗೆ ದೀಪ ಹಚ್ಚಿ ಬರೆಯಲು ಕೂತಿದ್ದೇನೆ. "ಈ ತೀರದಲ್ಲಿ ಕಡಲಹಕ್ಕಿಗಳ ಓಡಾಟ ನಗಣ್ಯ" ಎಂದು ತಮ್ಮ ಕಚೇರಿ ಬಂದರಿನ ಗೋಡೆಗೆ ಅಂಟಿಸಿದ ನೋಟಿಸು ಸುಳ್ಳು. ತಾವು ಸುಳ್ಳುಗಾರರು ಎನ್ನುತ್ತಿಲ್ಲ. ಸೋಮವಾರ ಬಂದವರು, ಅಷ್ಟೇ.

ನಾನು ಮೀನು ಹೆಚ್ಚಿ ಶುಚಿ ಮಾಡಿಕೊಡುವವಳು. ದೋಣಿಗಳು ಬಂದ ಮೇಲೆ ನನ್ನ ಅಂಗಳದ ಹಲಗೆಯ ಮೇಲೆ ಕತ್ತಿ ಆಡತೊಡಗಿದರೆ ಆಕಾಶವೇ ಇಳಿದು ಬರುತ್ತದೆ: ಬೂದುಬೆನ್ನಿನವು, ಕವಲುಬಾಲದವು, ತಲೆಗೆ ಕರಿ ಟೋಪಿ ಹಾಕಿದಂಥವು. ಒಂಟಿಕಾಲಿನ ಒಬ್ಬನಿದ್ದಾನೆ. ಕರೆಯದೆ ಬಂದು ಎಲ್ಲರಿಗಿಂತ ಮುಂದೆ ಕೂರುವುದರಿಂದ ಅವನಿಗೆ 'ಭಾವ' ಎಂದು ಹೆಸರಿಟ್ಟಿದ್ದೇನೆ. ಸೋಮವಾರ ಮಾತ್ರ ನಾನು ಮೀನು ಮುಟ್ಟುವುದಿಲ್ಲ, ಅವೂ ಬರುವುದಿಲ್ಲ. ಹಕ್ಕಿ ಎಣಿಸುವ ತಮ್ಮ ನೌಕರರು ಎರಡು ಸಲ ಬಂದರು. ಎರಡೂ ಸೋಮವಾರ.

"ಏನಮ್ಮಾ, ಹಕ್ಕಿಗಳೂ ಉಪವಾಸನಾ?" ಎಂದು ಅವರಲ್ಲೊಬ್ಬ ನಕ್ಕ.

"ಹೌದಪ್ಪಾ, ನನ್ ಜೊತೆ. ನಾಳೆ ಬಾ, ನಿಂಗೆ ನಿಲ್ಲೋಕೂ ಜಾಗ ಇರಲ್ಲ."

"ನಾಳೆ ಬೇರೆ ತೀರ ಅಮ್ಮಾ. ಇವತ್ತು ಕಂಡಿದ್ದೇ ಲೆಕ್ಕ."

ಉಪವಾಸದ ದಿನ ಮನೆಗೆ ಬಂದು, ಇಲ್ಲಿ ಯಾರೂ ಉಣ್ಣುವುದೇ ಇಲ್ಲ ಎಂದು ಬರೆದುಕೊಂಡು ಹೋಗುವುದಕ್ಕೆ ಸಮೀಕ್ಷೆ ಎನ್ನುತ್ತಾರೆಯೇ?

ಕರೆಂಟು ಬೇಡ ಎನ್ನಲು ನಾನ್ಯಾರು? ನನ್ನ ಮನೆಯಲ್ಲೂ ಬಲ್ಬು ಉರಿಯುತ್ತದೆ. ಆದರೆ ಗಾಳಿಯಂತ್ರದ ಕಂಬಗಳಿಗೆ ತಾವು ಗುರುತು ಹಾಕಿರುವುದು, ಹಕ್ಕಿಗಳು ಮೊಟ್ಟೆಯಿಡುವ ಬಂಡೆಗೂ ಮೀನು ಸಿಗುವ ನೀರಿಗೂ ನಡುವಿನ ದಾರಿಯಲ್ಲಿ. ಮರಿಗೆ ಗುಟುಕು ತರುವ ತಾಯಿ ತಿರುಗುವ ಅಲಗುಗಳ ನಡುವೆಯೇ ಹೋಗಿ ಬರಬೇಕು. ಕೆಳಗಿನ ಮೀನಿನ ಮೇಲೆ ಕಣ್ಣಿಟ್ಟು ಹಾರುವ ಹಕ್ಕಿಗೆ ಎದುರಿನ ಅಲಗು ಕಂಡೀತೇ? ಅದು ಬಾರದಿದ್ದರೆ ಬಂಡೆಯ ಮೇಲೆ ಅದರ ಜೋಡಿ ಕಾಯುತ್ತಾ ಕೂರುತ್ತದೆ. ಕಾಯುವುದು ಏನೆಂದು ನನಗೆ ಗೊತ್ತು. ಹಕ್ಕಿ ಸುತ್ತುವ ಕಡೆ ಬಲೆ ಬೀಸುತ್ತೇನೆಂದು ಹೋದರು ನನ್ನ ಯಜಮಾನರು. ದೋಣಿ ಮಾತ್ರ ಬಂತು. ಅಂದಿನಿಂದ ಈ ಮನೆಗೆ ತಾವಾಗಿ ಬರುವವು ಈ ಹಕ್ಕಿಗಳೇ. ಸೋಮವಾರ ಎಷ್ಟು ನಿಶ್ಶಬ್ದವೆಂದರೆ, ಮನಸ್ಸಿನಲ್ಲಿ ಹೇಳಿಕೊಂಡ ಪ್ರಾರ್ಥನೆಯೂ ಗೋಡೆಗೆ ತಾಗಿ ಹಿಂದೆ ಬಂದ ಹಾಗಾಗುತ್ತದೆ. ಒಂದು ದಿನ ದೇವರಿಗೋಸ್ಕರ ಸಹಿಸುತ್ತೇನೆ. ದಯವಿಟ್ಟು ವಾರವಿಡೀ ಸೋಮವಾರ ಮಾಡಬೇಡಿ.

ಮರಿ ಮಾಡುವ ಕಾಲದಲ್ಲಿ, ಬೇರೆ ದಿನಗಳಲ್ಲೂ ಬಂದು ಮತ್ತೆ ಎಣಿಸಿ. ಆ ದಾರಿ ಬಿಟ್ಟು ಕಂಬ ಹಾಕಿ. ಆಕ್ಷೇಪಣೆಯನ್ನು ಬರೆದು ಕಳಿಸಬೇಕೆಂದು ನೋಟಿಸಿನಲ್ಲಿದೆ. ಅರ್ಧ ಬರೆದಿದ್ದೇನೆ, ಉಳಿದರ್ಧಕ್ಕೆ ರೆಕ್ಕೆಯಿದೆ, ಲಕೋಟೆಯಲ್ಲಿ ಹಿಡಿಯುವುದಿಲ್ಲ. ಸೋಮವಾರ ಬಿಟ್ಟು ಯಾವ ದಿನವಾದರೂ ದೋಣಿ ಬರುವ ಹೊತ್ತಿಗೆ ಅದನ್ನು ಒಯ್ಯಲು ಯಾರನ್ನಾದರೂ ಕಳಿಸಿ. ತಲೆಗೆ ಬಟ್ಟೆ ಸುತ್ತಿಕೊಂಡು ಬರಲು ಹೇಳಿ.

ಇಂತಿ,
ತಮ್ಮ ಎಣಿಕೆಗೆ ಸಿಗದ ಹಕ್ಕಿಗಳ ನೆರೆಮನೆಯವಳು