ಹದದ ದಿನ ಗೇಟಿಗೆ ಬೀಗ

ಪ್ರೀತಿಯ ಅಮ್ಮಾ,

ಮದುವೆಯಾಗಿ ತಿಂಗಳು ತುಂಬುವ ಮೊದಲೇ ಇವರು ನನ್ನನ್ನು ನಮ್ಮ ಜೀನ್ಸ್ ಹೊಲಿಗೆ ಯೂನಿಟ್ಟಿನ ಸೂಪರ್‌ವೈಸರ್ ಮಾಡಿದರು! ಆ ದಿನ ಮನೆಯೆಲ್ಲ ಕುಣಿದಾಡಿದ್ದೆ.

ನಿನ್ನೆಯಿಂದ ಮಾತ್ರ ಅಸಹ್ಯವಾಗಿದೆ. ಇಲ್ಲಿ ರಾಯದುರ್ಗದಲ್ಲಿ ಕಡಲೆಕಾಯಿ ಬಿತ್ತುವಷ್ಟು ಮಳೆ ಬಂತು. ಬಿತ್ತನೆಗೆ ರಜೆ ಕೇಳಿದ ಹೆಂಗಸರನ್ನು ಇವರು ಒಳಗೇ ಕೂರಿಸಿ, ಗೇಟಿಗೆ ಬೀಗ ಹಾಕಿ, ಕೀಲಿಯನ್ನು ನನ್ನ ಕೈಗಿಟ್ಟರು.

“ನೆಲದ ಹದ ಆರಿದ್ರ ಬೀಜ ಹುಟ್ಟಂಗಿಲ್ಲ ಅಕ್ಕಾರ, ಗೇಟ್ ತೆಗೀರಿ,” ಎಂದು ಬೆಳುಗುಪ್ಪದ ಮೈಲಾರಮ್ಮ ಬೇಡಿಕೊಂಡಳು.

“ಆರ್ಲಿ ಬಿಡು. ಬೆಳಿ ಕೆಟ್ರ ಇವ್ರು ವರ್ಷಪೂರ್ತಿ ನಮ್ಮ ಮಷೀನ್ ಬಿಡಂಗಿಲ್ಲ,” ಎಂದು ಇವರು ನಕ್ಕರು.

ಆ ನಗು ಕಂಡಿದ್ದೇ ನಾನು ಎದ್ದು ಗೇಟಿನತ್ತ ನಡೆದೆ. ಬೀಗ ತೆಗೆದೆ. ಹೆಂಗಸರೆಲ್ಲ ಹೊಲಕ್ಕೆ ಓಡಿದರು. ಇವರು ಮಾತು ಬಿಟ್ಟಿದ್ದಾರೆ. ಮಾತಾಡಿಸುವ ಮನಸ್ಸು ನನಗೂ ಇಲ್ಲ.

ಅಪ್ಪನಿಗೆ ಈಗಲೇ ಹೇಳಬೇಡ. ಹಿಂದೂಪುರ ಸ್ಟೇಷನ್ನಿಗೆ ರಾಮಾಂಜಿ ಮಾವನನ್ನು ಕಳಿಸು. ಬರುವ ಶುಕ್ರವಾರ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬರುತ್ತೇನೆ.

ನಿನ್ನ ಮಗಳು,
ರಮ್ಯ